ಬಾವಿಯಿಂದ ಮೂರನೆಯ ಮನೆ

೧೮ ನವೆಂಬರ್ ೨೦೨೪, ಸೋಮವಾರ, ಗಾಜಿಪುರ

ನಾನು, ವಿಶ್ವಾಸ, ವಯಸ್ಸು ಮೂವತ್ತೊಂಬತ್ತು, ಖಾಸಗಿ ಪದವಿ ಕಾಲೇಜಿನ ಕನ್ನಡ ಅಧ್ಯಾಪಕ, ಈವರೆಗೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದವನು, ಇಂದು ಬೆಳಿಗ್ಗೆ ಬ್ಯಾಂಕೊಂದರಲ್ಲಿ ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ಟೋಕನ್ ಯಂತ್ರದ ಗುಂಡಿಯನ್ನು ಎರಡು ಸಲ ಒತ್ತಿದೆ. ಒಬ್ಬರಿಗೆ ಒಂದೇ ಟೋಕನ್ ಎಂದು ಅಲ್ಲಿ ಮೂರು ಭಾಷೆಗಳಲ್ಲಿ ಬರೆದಿತ್ತು. ಮೂರೂ ನನಗೆ ಓದಲು ಬರುತ್ತವೆ, ಆದ್ದರಿಂದ ಶಿಕ್ಷೆಯಲ್ಲಿ ರಿಯಾಯಿತಿ ಕೇಳುವುದಿಲ್ಲ. ಹಿಂದೆ ನಿಂತಿದ್ದ ಮುದುಕರು ನೋಡಿದರು. "ಹೆಂಡತೀದು" ಎಂದೆ. ಹೆಂಡತಿ ಪಂಚಶೀಲಾ ಆ ಹೊತ್ತಿಗೆ ಕಮಲಾಪುರದ ಆಸ್ಪತ್ರೆಯಲ್ಲಿ ಯಾರಿಗೋ ಸೂಜಿ ಚುಚ್ಚುತ್ತಿದ್ದಳು. ಕಳ್ಳತನದ ಬೆನ್ನಿಗೆ ಸುಳ್ಳು. ಅಪರಾಧಗಳು ಎಂದೂ ಒಂಟಿಯಾಗಿ ಬರುವುದಿಲ್ಲ, ನೆಂಟರ ಹಾಗೆ.

ಹಿನ್ನೆಲೆ ಇಷ್ಟು. ನಾವಿಬ್ಬರೂ ಶಹರದಲ್ಲಿ, ಗಾಜಿಪುರ ಬಡಾವಣೆಯ ಈ ಮಾಳಿಗೆಯ ಮೇಲೆ ಬಾಡಿಗೆಗಿದ್ದೇವೆ. ಅವ್ವ ರಮಾಬಾಯಿ ಕಮಲಾಪುರದಲ್ಲಿ, ಒಂದೇ ಕೋಣೆಯ ತಗಡಿನ ಮನೆಯಲ್ಲಿದ್ದಾಳೆ. ಆ ಜಾಗ ನನ್ನ ಅಜ್ಜಿ ಹಣಮಮ್ಮನ ಕಾಲದಲ್ಲಿ ಸರ್ಕಾರ ಕೊಟ್ಟದ್ದು. ಈಗ ಅವ್ವನ ಹೆಸರಿನಲ್ಲಿದೆ. ಹೋದ ಮಳೆಗಾಲದಲ್ಲಿ ತಗಡು ಹಾರಿ ಅವ್ವ ಬೆಳಗಿನ ತನಕ ಕೊಡೆ ಹಿಡಿದು ಜೋಳದ ಚೀಲದ ಮೇಲೆ ಕೂತಿದ್ದಳು. ಮರುದಿನ ವಿಚಾರಿಸಿದರೆ "ಚೀಲ ತೋಯ್ಸಿಲ್ಲ ಬಿಡು" ಎಂದಳು. ಇಲ್ಲಿಗೆ ಬಾ ಎಂದರೆ ಬರುವುದಿಲ್ಲ. "ನಿನ್ನ ಮಾಳಗಿ ಮ್ಯಾಲ ಕಾಲಿಗಿ ಮಣ್ಣು ಎಲ್ಲಿ ಹತ್ತತದ?" ಎನ್ನುತ್ತಾಳೆ. ಕೊನೆಗೆ ಪಂಚಶೀಲಾ ತೀರ್ಪು ಕೊಟ್ಟಳು: "ನಾ ದಿನಾ ಅದೇ ಊರಿಗಿ ಬಸ್ಸಿನಾಗ ಜೋತಾಡಿ ಹೋಗ್ತೀನಿ. ಅಲ್ಲೇ ಮನಿ ಕಟ್ಟೂಣು. ಬರೂ ಮಳಿಗಾಲಕ್ಕ ಅತ್ತಿ ತಗಡಿನ ಕೆಳಗ ಕೂಡಬಾರದು."

ಹೀಗಾಗಿ ಸಾಲಿ ಕಲಿತ ನಾನು ಸಾಲಕ್ಕಾಗಿ ಸಾಲಿನಲ್ಲಿ ನಿಂತೆ. (ಇದು ಚೆನ್ನಾಗಿದೆ. ನಾಳೆ ತರಗತಿಯಲ್ಲಿ ಹೇಳಬೇಕು.)

ಮೊದಲ ಟೋಕನ್ನಿನ ಸಾಹೇಬರು ಕಡತದ ಮೊದಲ ಹಾಳೆ ನೋಡಿದರು. "ಎಸ್ಸಿ-ಎಸ್ಟಿ ಮಂದಿಗಿ ಸರ್ಕಾರ ಕೊಟ್ಟ ಜಾಗಾ ಏನ್ರಿ ಇದು? ನಾಳಿ ನೀವು ಕಂತು ಕಟ್ಟಲಿಲ್ಲಂದ್ರ ನಾವು ಯಾರಿಗಿ ಮಾರಬೇಕ್ರಿ?" ಪಂಕ್ತಿಯಲ್ಲಿ ಬೇಡದ ಪಲ್ಯವನ್ನು ಎಲೆಯಂಚಿಗೆ ಸರಿಸುತ್ತಾರಲ್ಲ, ಹಾಗೆ ಕಡತವನ್ನು ನನ್ನ ಕಡೆ ಸರಿಸಿದರು. ನಮಗೆ ಜಮೀನಿದೆ, ಜಾಮೀನಿಲ್ಲ.

ಎರಡನೆಯ ಟೋಕನ್ ಬಾಜೂ ಮೇಜಿಗೆ ಬಂತು. ಅಲ್ಲಿ ಮೆಹರೀನ್ ಎಂಬ ಸಣ್ಣ ವಯಸ್ಸಿನ ಅಧಿಕಾರಿ.

"ಸರ್, ನೀವು ಈಗ ಬಾಜೂಕೇ ಕುಂತಿದ್ರಲ್ಲ?"

"ಅದು ಬ್ಯಾರೆ ಟೋಕನ್ ರಿ ಮೇಡಂ."

ಅವರು ನನ್ನನ್ನು ಹಿಡಿದುಕೊಡಲಿಲ್ಲ. ಕಡತ ತೆಗೆದು ಕೊನೆಯ ಹಾಳೆಯವರೆಗೆ ಓದಿದರು. "ಹೊರಗಿನವರಿಗಿ ಮಾರಾಕ ಬರಂಗಿಲ್ಲ, ಖರೆ. ಬ್ಯಾಂಕಿಗಿ ಒತ್ತಿ ಇಡಾಕ ಬರ್ತದ ಅಂತ ನಾ ಓದೀನಿ. ವಕೀಲರನ್ನ ಕೇಳ್ತೀನಿ. ಇಂಥ ಜಾಗಾಕ್ಕ ನಮ್ಮ ಬ್ರಾಂಚಿನಾಗ ಇನ್ನೂ ಯಾರೂ ಸಾಲ ತಗೊಂಡಿಲ್ಲ. ಅದಕ್ಕೇ ಎಲ್ಲಾರೂ ಅಂಜತಾರ."

ಕದ್ದ ಟೋಕನ್ ಫಲಿಸಿತು. ನೀತಿ ಪಾಠ: ಬರೆಯದಿರುವುದೇ ಒಳ್ಳೆಯದು.

೨೪ ನವೆಂಬರ್, ಭಾನುವಾರ

ಅವ್ವನ ಓಣಿಗೆ ಹೋಗಿಬಂದೆ. ಬಸ್ಸಿನಲ್ಲಿ ಮಹಾಗಾಂವದವರೆಗೆ ನಿಂತು, ಅಲ್ಲಿಂದ ಒಬ್ಬರ ತೊಗರಿ ಚೀಲದ ಮೇಲೆ ಕೂತು.

ಆ ಓಣಿಯಲ್ಲಿ ಹತ್ತು ಮನೆ. ಒಂದು ತುದಿಗೆ ರಸ್ತೆ, ಇನ್ನೊಂದು ತುದಿಗೆ ಬಾವಿ. ಊರ ಬಾವಿಯಿಂದ ದೂರ ಇಟ್ಟಿದ್ದ ಕಾಲದಲ್ಲಿ ನಮ್ಮ ಹಿರಿಯರು ತಾವೇ ತೋಡಿಕೊಂಡ ಬಾವಿ ಅದು. ನಲ್ಲಿ ಬಂದು ಎಷ್ಟೋ ವರ್ಷವಾದರೂ ಸಂಜೆಯ ನೀರಿಗೆ ಎಲ್ಲರೂ ಬಾವಿಗೇ ಹೋಗುತ್ತಾರೆ, ಓಣಿಯ ಎಣಿಕೆಯೆಲ್ಲ ಇಂದಿಗೂ ಬಾವಿಯಿಂದಲೇ ಶುರು. ಮದುವೆಯ ಊಟ ಬಡಿಸುವುದು ಬಾವಿಯ ಕಡೆಯಿಂದ, ಚಂದಾ ಪಟ್ಟಿ ಎತ್ತುವುದು ಬಾವಿಯ ಕಡೆಯಿಂದ, ಜಗಳ ಆರಂಭವಾಗುವುದೂ ಬಾವಿಯ ಕಡೆಯಿಂದ. ಅವ್ವನದು ಬಾವಿಯಿಂದ ಮೂರನೆಯ ಮನೆ, ಬಾಗಿಲಲ್ಲೇ ಬೇವಿನ ಮರ. ಮೊದಲ ಪಂಕ್ತಿಯ ಮಾನ ನಮಗೆ.

ಎಂಟನೆಯದು ಮನೆ ಕಟ್ಟುವ ಗೌಂಡಿ ಮರೆಪ್ಪ ಕಾಕಾನದು. ಬೇಡರವರು, ಪರಿಶಿಷ್ಟ ಪಂಗಡ; ಓಣಿಗೆ ತಡವಾಗಿ ಬಂದವರು, ಹೀಗಾಗಿ ಎಣಿಕೆಯಲ್ಲೂ ಹಿಂದೆ. ಒಂಬತ್ತು ವರ್ಷದ ಹಿಂದೆ ನನ್ನ ಮದುವೆಯಲ್ಲಿ ಗೋಧಿ ಹುಗ್ಗಿಯ ಕೊಪ್ಪರಿಗೆ ಎಂಟನೆಯ ಮನೆಯವರನ್ನು ಮುಟ್ಟುವಷ್ಟರಲ್ಲಿ ಖಾಲಿಯಾಯಿತು. ಬಡಿಸುವವನು ಸೌಟನ್ನು ತಳಕ್ಕೆ ಗರಗರ ಎಳೆದ ಸದ್ದು ಓಣಿಗೆಲ್ಲ ಕೇಳಿಸಿತ್ತು. ಅಂದಿನಿಂದ ಮರೆಪ್ಪ ಕಾಕಾ ಅವ್ವನ ಜೊತೆ ಮಾತು ಬಿಟ್ಟಿದ್ದಾನೆ. ಹುಗ್ಗಿಗಾಗಿ ಇಷ್ಟು ಹಿಗ್ಗಾಮುಗ್ಗಾ ಸಿಟ್ಟು ಬೇರೆಲ್ಲೂ ಕಂಡಿಲ್ಲ.

ಸಾಲದ ವಿಷಯ ಹೇಳಿದೆ. ಸಂಜೆಯೊಳಗೆ ಹತ್ತೂ ಮನೆಗೆ ಗೊತ್ತಾಗಿತ್ತು. "ರಮಾಬಾಯಿಗಿ ಸಿಕ್ಕರ ನಮಗೂ ಸಿಗತದ" ಎಂದು ಯಾರೋ ಅಂದರು. ನನ್ನ ಬೆನ್ನ ಮೇಲೆ ಹತ್ತು ಮನೆಯ ಭಾರ ಬಿತ್ತು. ಪರವಾಗಿಲ್ಲ, ಅಗಲವಾದ ಬೆನ್ನು.

೧೨ ಡಿಸೆಂಬರ್, ಗುರುವಾರ

ಜಾಗದ ಬೆಲೆ ಕಟ್ಟಲು ಬ್ಯಾಂಕಿನವರು ಸಲಾವುದ್ದೀನ್ ಎಂಬ ಎಂಜಿನಿಯರನ್ನು ಕಳಿಸಿದ್ದರು. ರಜೆ ಹಾಕಿ ಹೋಗಿದ್ದೆ. ಅವ್ವ ಇದ್ದೊಂದು ಒಳ್ಳೆಯ ಸೀರೆ ಉಟ್ಟು, ಕಮಲಾಪುರದ ಕೆಂಪು ಬಾಳೆಹಣ್ಣು ತಟ್ಟೆಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಸಲಾವುದ್ದೀನ್ ಮೊಬೈಲಿನಲ್ಲಿ ನಕ್ಷೆ ತೆರೆದು ರಸ್ತೆಯ ಕಡೆಯಿಂದ ನಡೆಯುತ್ತ ಬಂದರು. ಮೂರನೆಯ ಮನೆಯ ಮುಂದೆ ನಿಂತರು. ಅದು ಮರೆಪ್ಪ ಕಾಕಾನ ಮನೆ.

"ಬರ್ರಿ ಸಾಹೇಬ್ರ, ನಮ್ದು ಮುಂದ ಅದ" ಎಂದು ಕೂಗಿದೆ.

"ನಿಮ್ದು ಮೂರನೇ ನಂಬರ್ ಅಲ್ಲೇನ್ರಿ?"

"ಹೌದ್ರಿ. ಮೂರನೇ ಮನಿ. ಇಲ್ಲಿ."

ಅವರು ನಿಂತಲ್ಲಿಂದ ನನ್ನ ತನಕ ಬೆರಳು ಮಾಡಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಒಬ್ಬ ವೈದ್ಯ ಎಕ್ಸ್-ರೇ ನೋಡಿದಂತೆ ನಕ್ಷೆ ನೋಡಿದರು.

"ಸರ್, ಅಮ್ಮಾರು ಎಂಟನೇ ನಂಬರಿನಾಗ ನಿಂತಾರ. ಸರ್ಕಾರದವರು ರಸ್ತಾದಿಂದ ನಂಬರ್ ಹಾಕ್ಯಾರ. ನೀವು ಎಲ್ಲಿಂದ ಎಣಿಸಿರಿ?"

"ಬಾವಿಯಿಂದ" ಎಂದಳು ಅವ್ವ. ಸೂರ್ಯ ಮೂಡಣದಿಂದ ಎಂದು ಹೇಳುವ ಧಾಟಿ.

ಕುರ್ಚಿ ಬೇಕೆನಿಸಿತು, ಇರಲಿಲ್ಲ, ಬೇವಿನ ಬೇರಿನ ಮೇಲೆ ಕೂತೆ. ಮೊದಲ ದಿನ ಹಕ್ಕುಪತ್ರ ಕೈಗೆ ಬಂದಾಗ ನಮ್ಮ ಅಜ್ಜಿ ಬಾವಿಗೆ ನಮಸ್ಕಾರ ಮಾಡಿ ಅಲ್ಲಿಂದ ಒಂದು, ಎರಡು, ಮೂರು ಎಂದು ಎಣಿಸಿ ಮೂರನೆಯ ಜಾಗದಲ್ಲಿ ಗುಡಿಸಲು ಹಾಕಿದಳಂತೆ. ಓಣಿಯವರೆಲ್ಲ ಹಾಗೆಯೇ ಮಾಡಿದರು. ಹತ್ತು ಮನೆಯವರು ಇಷ್ಟು ವರ್ಷ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಸಂಸಾರ ಮಾಡಿದ್ದಾರೆ. ಅವ್ವನ ಮನೆ ಮರೆಪ್ಪ ಕಾಕಾನ ಜಾಗದಲ್ಲಿದೆ, ಅವನ ಮನೆ ಅವ್ವನ ಜಾಗದಲ್ಲಿ. ಮಾತೇ ಇಲ್ಲದ ಎರಡು ಮನೆ ಒಂದರ ಹೊಟ್ಟೆಯಲ್ಲಿ ಒಂದು.

ಸಲಾವುದ್ದೀನ್ ಹಣ್ಣು ತಿಂದರು. ವರದಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಎಂದರು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಯಾವಾಗಲೂ ಒಳ್ಳೆಯವರ ಕೈಯಲ್ಲೇ ಬರುತ್ತದೆ.

೧೪ ಡಿಸೆಂಬರ್, ಶನಿವಾರ

ಮೆಹರೀನ್ ಮೇಡಂ: "ಇಬ್ಬರೂ ಕೂಡಿ ಜಾಗಾ ಅದಲಾ-ಬದಲಿ ಬರಸ್ಕೊಳ್ಳಾಕ ಬರತದೇನಂತ ವಕೀಲರಿಗಿ ಕೇಳಿದೆ. ಸರ್ಕಾರದ ಪರವಾನಗಿ ಇಲ್ದ ಬರಂಗಿಲ್ಲ ಅಂದ್ರು. ನಿಮ್ದೊಂದು, ಅವ್ರದೊಂದು, ಜಾತಿ-ಪಂಗಡ ಬ್ಯಾರೆ, ಎರಡು ಫೈಲು. ವರ್ಷಗಟ್ಲೆ ಆಗತದ ಸರ್. ನಂಬರ್ ತಿದ್ದಸ್ತೀನಂದ್ರ ಇನ್ನೂ ದೂರ. ಮಾರ್ಚ್ ಕಡೀತನ ನಾ ನಿಮ್ಮ ಅರ್ಜಿ ಜೀವಂತ ಇಡ್ತೀನಿ. ಆಮ್ಯಾಲ ನನ್ನ ಕೈಯಾಗ ಇಲ್ಲ."

ಬೇಜಾರು. ಶ್ಲೇಷೆ ಹೊಳೆಯುತ್ತಿಲ್ಲ.

೨೨ ಡಿಸೆಂಬರ್, ಭಾನುವಾರ

ನಂಬರ್ ತಿದ್ದಿಸಲೆಂದು ಸರ್ಕಾರಿ ಕಚೇರಿಗೆ ಸಲ್ಲಿಸಲು ಆರು ಪುಟದ ಮನವಿ ಬರೆದೆ. ಅದರಲ್ಲಿ ಒಂದು ಉಪಮೆಯಂತೂ ಬಹಳ ಚೆನ್ನಾಗಿ ಬಂದಿದೆ. ಅವ್ವನ ಮುಂದೆ ಓದಿದೆ. ಅವಳು ರೊಟ್ಟಿ ಬಡಿಯುತ್ತ ಕೇಳಿದಳು. ಪಂಚಶೀಲಾ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಮೂರನೆಯ ಪುಟದಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪಮೆಗೇ ಇರಬೇಕು.

ಓದಿ ಮುಗಿಸಿದ ಮೇಲೆ ಅವ್ವ ಕೇಳಿದಳು. "ಕಾಗದ ಸರಸೂದು ಕಷ್ಟ ಅಂತಿ. ಮನಶ್ಯಾರಿಗಿ ಸರಿಯಾಕ ಏನು ಕಷ್ಟ ಅದ?"

"ಅಂದ್ರ?"

"ನಾ ಹೋಗಿ ಮೂರನೇ ನಂಬರಿನಾಗ ಇರ್ತೀನಿ. ಮರೆಪ್ಪ ಬಂದು ಎಂಟನೇದರಾಗ ಇರಲಿ. ನಮ್ಮ ಜಾಗಾದಾಗ ನಾವು ಇರಾಕ ಯಾವ ಪರವಾನಗಿ ಬೇಕು?"

ಪಂಚಶೀಲಾ ಕುಟ್ಟುವುದನ್ನು ನಿಲ್ಲಿಸಿದಳು. "ಅತ್ತಿ, ಬೇವಿನ ಗಿಡ?"

ಅವ್ವ ರೊಟ್ಟಿ ಮಗುಚಿದಳು. ನಾನು ಹುಟ್ಟಿದ ವರ್ಷ ಅವಳೇ ನೆಟ್ಟ ಮರ ಅದು. ನನಗಿಂತ ಎತ್ತರ, ನನಗಿಂತ ಕಡಿಮೆ ಮಾತು. "ಅದಕ್ಕೇನು, ಇದ್ದಲ್ಲೇ ಇರತದ. ಮರೆಪ್ಪಗ ನೆರಳು ಬ್ಯಾಡೇನು?"

ನಾನು ಕೂಡಲೇ ಈ ಉಪಾಯಕ್ಕೆ ಒಂದು ವ್ಯವಸ್ಥಿತ ರೂಪ ಕೊಟ್ಟೆ, ಅಂದರೆ 'ಮೊದಲ ಹಂತ', 'ಎರಡನೆಯ ಹಂತ' ಎಂದು ಹೆಸರಿಟ್ಟೆ. ಮೊದಲ ಹಂತ: ನಾನು ಮರೆಪ್ಪ ಕಾಕಾನನ್ನು ಒಪ್ಪಿಸುವುದು.

೫ ಜನವರಿ ೨೦೨೫, ಭಾನುವಾರ

ಮೊದಲ ಹಂತ.

ಮರೆಪ್ಪ ಕಾಕಾ ಬಾಗಿಲಲ್ಲಿ ಕೂತು ಗಾರೆ ಹತ್ತಿದ ಕರಣಿ ತೊಳೆಯುತ್ತಿದ್ದ. ಅವನ ಮನೆಯ ಕಲ್ಲಿನ ಗೋಡೆ ಓಣಿಯಲ್ಲೇ ಚೆಂದ. ಇಪ್ಪತ್ತು ವರ್ಷ ಊರವರ ಮನೆ ಕಟ್ಟಿ, ಅಲ್ಲುಳಿದ ಕಲ್ಲು ಒಂದೊಂದೇ ತಂದು ತಾನೇ ಕಟ್ಟಿದ್ದು. ನಾನು ಸಹಬಾಳ್ವೆಯಿಂದ ಆರಂಭಿಸಿ ಸಂವಿಧಾನದ ಮೂಲಕ ಗೃಹಸಾಲಕ್ಕೆ ಬಂದೆ. ಒಳ್ಳೆಯ ಓಟವಿತ್ತು. ಅವನ ಹೆಂಡತಿ ಶಾರದಾಬಾಯಿ ಒಳಗಿಂದ ಬಂದು ಸೆರಗು ಬಾಯಿಗಿಟ್ಟುಕೊಂಡು ನಿಂತು ಕೇಳಿದಳು.

"ಮುಗೀತೇನು?" ಎಂದ ಕಾಕಾ.

"ಮುಗೀತ್ರಿ."

"ಈ ಗ್ವಾಡಿ ಮ್ಯಾಲ ಕೈ ಇಡು."

ಇಟ್ಟೆ.

"ತಂಪದನ? ಬ್ಯಾಸಗ್ಯಾಗೂ ಹಿಂಗೇ ಇರತದ. ಇದನ್ನ ಬಿಟ್ಟು ನಿಮ್ಮವ್ವನ ತಗಡಿನಾಗ ಹೋಗಿ ಬೇಯಬೇಕೇನು ನಾ? ನಿಮ್ಮ ಮನ್ಯಾಗ ಎಂಟನೇ ಮನಿಯವರಿಗಿ ಏನು ಮರ್ಯಾದಿ ಅಂತ ನಿನ್ನ ಲಗ್ನದಾಗೇ ನೋಡೀನಿ. ಸೌಟಿನ ಸಪ್ಪಳ ಇನ್ನೂ ಕಿವ್ಯಾಗ ಅದ. ನಡಿ."

ಶಾರದಾಬಾಯಿ ನನ್ನನ್ನು ರಸ್ತೆಯವರೆಗೆ ಬಿಟ್ಟು ಬಂದಳು. "ಬೇಷ್ ಮಾತಾಡಿದೆಪ್ಪ," ಎಂದಳು, "ಏನೂ ತಿಳೀಲಿಲ್ಲ."

ನನ್ನ ಅಂದಾಜು: ಭಾಷಣ ಒಳಗಿಳಿದಿದೆ. ಪರಿಣಾಮ ನಿಧಾನಕ್ಕೆ ಕಾಣುತ್ತದೆ.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ಹಬ್ಬ ಮರೆಪ್ಪ ಕಾಕಾನ ಮನೆಯದು. ನಮ್ಮಲ್ಲಿ ದೊಡ್ಡದಾಗಿ ಮಾಡುವುದಿಲ್ಲ. ಆದರೂ ಅವ್ವ ಬೆಳಿಗ್ಗೆಯೇ ಗೋಧಿ ಕುಟ್ಟಿ, ಬೆಲ್ಲ ಹಾಕಿ, ದೊಡ್ಡ ಬೋಗುಣಿ ತುಂಬ ಹುಗ್ಗಿ ಮಾಡಿದ್ದಳಂತೆ. ಕಾಲೇಜಿಗೆ ರಜೆ ಇದ್ದುದರಿಂದ ನಾನು ಹೋಗುವಷ್ಟರಲ್ಲಿ ಬೋಗುಣಿ ಅವಳ ತಲೆಯ ಮೇಲಿತ್ತು. ಹಿಂದೆ ಹಿಂದೆ ನಡೆದೆ.

ಮರೆಪ್ಪ ಕಾಕಾನ ಬಾಗಿಲಲ್ಲಿ ಬೋಗುಣಿ ಇಳಿಸಿದಳು. ಇಡೀ ಓಣಿ ಕೆಲಸ ಬಿಟ್ಟು ನೋಡುತ್ತಿತ್ತು. ಸೌಟು ಅವನ ಕೈಗೇ ಕೊಟ್ಟಳು.

"ಮೊದಲ ನೀ ಬಡಕೋ. ಉಳಿದದ್ದು ಬಾವೀ ಕಡಿ ಹೋಗಲಿ."

ಕಾಕಾ ಸೌಟು ಹಿಡಿದು ಕೂತೇ ಇದ್ದ.

ಅವ್ವ ಹೊಸ್ತಿಲ ಆಚೆ ಕೂತಳು. "ಮರೆಪ್ಪ, ಅವತ್ತು ತಪ್ಪು ನಮ್ದು. ಹುಗ್ಗಿ ಕಡಿಮಿ ಮಾಡಿದ್ದು ತಪ್ಪಲ್ಲ, ಯಾವಾಗಲೂ ಅದೇ ಕಡಿಂದ ಬಡಸೂದು ತಪ್ಪು. ಈಗ ನೀ ನಿನ್ನ ಜಾಗಾಕ್ಕ ಬಂದ್ರ ಬಾವಿಯಿಂದ ಮೂರನೇ ಮನಿಯವ ನೀನು. ನಾ ಎಂಟನೇದಾಕಿ. ಎಣಿಕಿ ಹಂಗೇ ಇರತದ."

"ಗ್ವಾಡಿ?" ಎಂದ ಕಾಕಾ. ಒಂಬತ್ತು ವರ್ಷದಲ್ಲಿ ಅವಳಿಗೆ ಆಡಿದ ಮೊದಲ ಮಾತು.

"ಕಲ್ಲು ನಿನ್ನವು. ಒಂದೂ ಬಿಡದ ಒಯ್ಯಿ. ಕಟ್ಟಾಕ ಬರತದಲ್ಲ ನಿನಗ?"

ಶಾರದಾಬಾಯಿ ಒಳಗಿಂದ ಕೂಗಿದಳು. "ಬ್ಯಾರೇದವರ ಮನಿ ಕಟ್ಟಾಕ ಕೈ ನೋಯಂಗಿಲ್ಲ, ನಮ್ಮದಂದ್ರ ಅಷ್ಟೇ ನೋಯತಾವ ಇವನ್ವು. ನಾ ಬರ್ತೀನಿ ಯಕ್ಕಾ. ಬೇವಿನ ಗಿಡದ ಕೆಳಗ ಹೊರಸು ಹಾಕೂದು ನಂದು ಬಹಳ ದಿನದ ಆಸೆ."

ಕಾಕಾ ಹುಗ್ಗಿ ಬಡಿಸಿಕೊಂಡ. ಒಂದು ತುತ್ತು ಉಂಡು, "ಬೆಲ್ಲ ಕಡಿಮಿ" ಎಂದ. ಒಪ್ಪಿದ ಎಂದರ್ಥ.

ನೋಡಿ, ನನ್ನ ಭಾಷಣಕ್ಕೆ ಬೇಕಾದದ್ದು ಹತ್ತು ದಿನದ ವ್ಯವಧಾನವಷ್ಟೇ.

೨ ಫೆಬ್ರವರಿ, ಭಾನುವಾರ, ಕಮಲಾಪುರ

ಕೈ ನೋಯುತ್ತಿದೆ, ಆದರೂ ಬರೆಯಲೇಬೇಕು.

ಇಂದು ಮೂರು ಎಂಟಾಯಿತು, ಎಂಟು ಮೂರಾಯಿತು. ಓಣಿಯ ನಡುವೆ ಎರಡು ಮೆರವಣಿಗೆ ಎದುರುಬದುರು. ಈ ಕಡೆಯಿಂದ ಅವ್ವನ ಹೊರಸು, ಜೋಳದ ಚೀಲ, ಬೀಸುವ ಕಲ್ಲು, ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೋ. ಆ ಕಡೆಯಿಂದ ಮರೆಪ್ಪ ಕಾಕಾನ ಟ್ರಂಕು, ಕರಣಿ-ತೂಗುಗುಂಡುಗಳ ಬುಟ್ಟಿ, ದೇವರ ಜಗಲಿ, ಟಿವಿ. ಫೋಟೋ ಮತ್ತು ಜಗಲಿ ಎದುರಾದಾಗ ಹೊತ್ತವರಿಬ್ಬರೂ ನಿಂತು, ದಾರಿ ಬಿಟ್ಟು, "ನೀವು ಮೊದಲ", "ಇಲ್ಲ ನೀವು" ಎಂದು ಅರ್ಧ ಗಳಿಗೆ ಕಳೆದರು. ಕೊನೆಗೆ ಟಿವಿ ಮೊದಲು ಹೋಯಿತು.

ಕಾಕಾ ತನ್ನ ಬಾಗಿಲ ಚೌಕಟ್ಟನ್ನು ಕಿತ್ತು ಹೆಗಲ ಮೇಲಿಟ್ಟುಕೊಂಡಿದ್ದ. ಅದರೊಳಗಿಂದ ತಲೆ ಹಾಕಿ ನಡೆಯುವುದನ್ನು ನೋಡಿ ನಾನು, "ಮನೆಯನ್ನು ಹೊಕ್ಕವರುಂಟು, ಮನೆಯನ್ನು ತೊಟ್ಟವರಿಲ್ಲ" ಎಂದೆ. ಯಾರೂ ನಗಲಿಲ್ಲ, ಎಲ್ಲರ ಕೈಯಲ್ಲೂ ಭಾರ ಇತ್ತು. ನನ್ನ ಕೈಗೂ ಬೀಸುವ ಕಲ್ಲಿನ ಒಂದು ಹೋಳು ಕೊಟ್ಟರು, ಆಮೇಲೆ ನಾನೂ ನಗಲಿಲ್ಲ.

ಅವ್ವ ಕೊನೆಗೆ ಬಂದಳು. ಬೇವಿನ ಮರದ ಕೆಳಗೆ ಒಂದು ಕೊಡ ನೀರು ಹಾಕಿದಳು. ಅಂಗೈಯನ್ನು ಬೊಡ್ಡೆಗೆ ಒತ್ತಿ ನಿಂತಳು, ಎಮ್ಮೆ ಮಾರಿದವರು ಅದರ ಬೆನ್ನಿನ ಮೇಲೆ ಕೈ ಇಡುತ್ತಾರಲ್ಲ, ಹಾಗೆ. ಆಮೇಲೆ ಶಾರದಾಬಾಯಿಯ ಕಡೆ ತಿರುಗಿ, "ಚೈತ್ರದಾಗ ಹೂ ಬೀಳತಾವ. ದಿನಾ ಎರಡು ಸಲ ಕಸ ಹೊಡೀಬೇಕಾಗತದ. ಬೇಸರ ಮಾಡಕೋಬ್ಯಾಡ" ಎಂದಳು.

"ನೀನೂ ಬಾ ಯಕ್ಕಾ, ಕೂಡೇ ಹೊಡಿಯೂಣು."

ಸಂಜೆ ಮರೆಪ್ಪ ಕಾಕಾನ ಆಡು ನಮ್ಮ ಹೊಸ ಬಾಗಿಲಿಗೆ ಬಂದು ಅರಚಿತು. ಅದಕ್ಕೆ ಮನೆ ಬದಲಾದದ್ದು ಗೊತ್ತಿಲ್ಲ. ಎಣಿಕೆ ಬಾರದ ಪ್ರಾಣಿ ಎಂದು ಬೈದು ಅಟ್ಟಿಕೊಂಡು ಹೋಗಿ ಬಿಟ್ಟುಬಂದೆ.

ಇವತ್ತು ಇಲ್ಲೇ ಮಲಗುತ್ತೇನೆ. ಗೋಡೆ ನಿಜಕ್ಕೂ ತಂಪು.

೧೯ ಮಾರ್ಚ್, ಬುಧವಾರ

ಮಂಜೂರಾಯಿತು.

ಸಲಾವುದ್ದೀನ್ ಹೋದ ತಿಂಗಳೇ ಬಂದು, ಮೂರನೆಯ ನಂಬರಿನಲ್ಲಿ ಅವ್ವ ನಿಂತಿದ್ದನ್ನು ನೋಡಿ, ನಕ್ಷೆ ನೋಡಿ, ಮತ್ತೆ ಅವ್ವನನ್ನು ನೋಡಿ, "ಅಮ್ಮಾ, ನಕ್ಷಾ ಬದಲಿ ಮಾಡಸಿದವರನ್ನ ಬಹಳ ನೋಡೀನಿ. ಊರನ್ನೇ ನಕ್ಷಾಕ್ಕ ಹೊಂದಸಿದವರನ್ನ ನೋಡಿರಲಿಲ್ಲ" ಎಂದಿದ್ದರು. ವಕೀಲರೂ ಒಪ್ಪಿದರು. ಇಂದು ಮೆಹರೀನ್ ಮೇಡಂ ಅವ್ವನ ಕೈ ಹಿಡಿದು ತೋರಿಸಿದ ಜಾಗದಲ್ಲಿ ಅವ್ವ ಸಹಿ ಮಾಡಿದಳು. ಹೆಬ್ಬೆಟ್ಟಲ್ಲ, ಸಹಿ. ಪಂಚಶೀಲಾ ಎರಡು ತಿಂಗಳಿಂದ ಮಧ್ಯಾಹ್ನದ ಬಿಡುವಿನಲ್ಲಿ ಅವಳಿಗೆ ಕಲಿಸುತ್ತಿದ್ದಳಂತೆ. ನನಗೆ ಇಬ್ಬರೂ ಹೇಳಿರಲಿಲ್ಲ. ಕನ್ನಡ ಅಧ್ಯಾಪಕ ನಾನು.

ಸಂಜೆ ಹತ್ತು ಮನೆಗೆ ಪೇಢೆ ಹಂಚಿದೆವು. ಬಾವಿಯಿಂದ ಶುರು ಮಾಡಿ.

೨೦ ಏಪ್ರಿಲ್, ಭಾನುವಾರ

ಮರೆಪ್ಪ ಕಾಕಾನ ಹಳೆಯ ಗೋಡೆ ಇಳಿಸುತ್ತಿದ್ದೇವೆ. 'ಇಳಿಸುತ್ತಿದ್ದೇವೆ' ಎಂದು ಕಾಕಾನ ಎದುರೇ ಹೇಳಿದೆ, ಅವನು ನನ್ನ ಅಂಗೈ ನೋಡಿ ನಕ್ಕ. ಅವನೇ ನಮ್ಮ ಮನೆಯ ಗೌಂಡಿ. ತನ್ನ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಬೇವಿನ ಮರದ ಕಡೆ ಸಾಗಿಸುತ್ತಾನೆ. ಅಲ್ಲಿ ಅವನಿಗೂ ಸಾಲದ ಅರ್ಜಿ ಹಾಕಿಸಿದ್ದೇವೆ. ನಮ್ಮ ಬುನಾದಿ ಪೂರ್ತಿ ಹೊಸ ಕಲ್ಲು. ಆದರೆ ಬಾಗಿಲ ಬಲಗಡೆಯ ಮೂಲೆಯಲ್ಲಿ ಹಳೆಯ ಕಲ್ಲೊಂದನ್ನು ಅವನು ತಾನಾಗಿ ಬಿಟ್ಟಿದ್ದಾನೆ. ಯಾಕೆಂದು ಕೇಳಿದೆ. "ಅದು ತಂಪದ" ಎಂದ.

ಮನೆ ಏಳುವ ತನಕ ಅವ್ವ ಶಾರದಾಬಾಯಿಯ ಹತ್ತಿರ ಇದ್ದಾಳೆ. ಅಂದರೆ ತನ್ನ ಹಳೆಯ ಮನೆಯಲ್ಲಿ ನೆಂಟಳಾಗಿ. ಇಬ್ಬರೂ ಕೂಡಿ ಬೇವಿನ ಹೂ ಗುಡಿಸುತ್ತಾರೆ, ಗುಡಿಸುವುದಕ್ಕಿಂತ ಹೆಚ್ಚು ನಗುತ್ತಾರೆ.

ಒಂದನೆಯ ಮತ್ತು ಹತ್ತನೆಯ ಮನೆಯವರೂ ಹೋದ ವಾರ ಬದಲಾಯಿಸಿಕೊಂಡರು. ಉಳಿದವರು ಸುಗ್ಗಿಯ ಲೆಕ್ಕ ಮುಗಿಸಿ ಏಳುತ್ತಾರೆ. ನಾನು ಈಗ ಓಣಿಗೆ ಎಣಿಕೆಯ ಗುರು. ಯಾರು ಎಲ್ಲಿಗೆ ಹೋಗಬೇಕೆಂದು ಸೀಮೆಸುಣ್ಣದಲ್ಲಿ ಗೋಡೆಗಳ ಮೇಲೆ ಬರೆದುಕೊಟ್ಟಿದ್ದೇನೆ. ಆಡು ಇನ್ನೂ ದಿನಾ ನಮ್ಮ ಬುನಾದಿಗೆ ಬಂದು ನಿಲ್ಲುತ್ತದೆ. ಅದಕ್ಕೂ ಪಾಠ ಹೇಳುತ್ತೇನೆ.

ಕಾಲೇಜಿನಲ್ಲಿ ಮೊನ್ನೆಯವರೆಗೆ ಯಾರಾದರೂ ಊರು ಕೇಳಿದರೆ ಗಾಜಿಪುರ ಎನ್ನುತ್ತಿದ್ದೆ. ನಿನ್ನೆ ಹೊಸ ಗುಮಾಸ್ತೆ ಕೇಳಿದಾಗ, "ನಮ್ದು ಕಮಲಾಪುರ, ಬಾವಿ ಓ‌ಣಿ" ಎಂದು ಬಾಯಿಂದ ಬಂತು. ಬಸ್ಸಿನ ಆಯಾಸ ಇರಬೇಕು.

೨೯ ಜೂನ್, ಭಾನುವಾರ

ದೊಡ್ಡ ಮಳೆ. ಸ್ಲ್ಯಾಬ್ ಹಾಕಿ ವಾರವಾಗಿತ್ತು. ಕಂಬಗಳ ನಡುವೆ, ಬಾಗಿಲು-ಕಿಟಕಿ ಇಲ್ಲದ ಮನೆಯಲ್ಲಿ, ಅವ್ವ ಬೇಕೆಂದೇ ಜೋಳದ ಚೀಲ ತರಿಸಿ ಅದರ ಮೇಲೆ ಕೂತಳು. ಕೊಡೆ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮಳೆ ನಿಲ್ಲುವ ತನಕ ಏಳಲಿಲ್ಲ. ಚೀಲವೂ ಒಣ, ಅವ್ವನೂ ಒಣ. ನನ್ನ ಕಣ್ಣಿನ ಬಗ್ಗೆ ಬರೆಯುವುದಿಲ್ಲ.

೨ ಅಕ್ಟೋಬರ್ ೨೦೨೫, ಗುರುವಾರ, ನಮ್ಮ ಮನೆ

ಹೊಸ ಮನೆಯ ಪ್ರವೇಶ. ನಮಗೆ ಧಮ್ಮಚಕ್ರದ ದಿನ, ಮರೆಪ್ಪ ಕಾಕಾನ ಮನೆಗೆ ಬನ್ನಿ ಹಬ್ಬ. ಬೆಳಿಗ್ಗೆ ಬುದ್ಧನ ಮೂರ್ತಿಯ ಮುಂದೆ ತ್ರಿಶರಣ ಆಯಿತು. ಮುಗಿಯುವುದನ್ನೇ ಕಾದು ಕಾಕಾ ಬನ್ನಿ ಎಲೆ ತಂದು ಅವ್ವನ ಕೈಗಿಟ್ಟ. "ಬನ್ನಿ ತಗೊಂಡು ಬಂಗಾರದಂಗ ಇರೂಣು ಯಕ್ಕಾ." ಬಾಗಿಲ ಮೇಲಿನ ಕಲ್ಲಿನಲ್ಲಿ 'ರಮಾಬಾಯಿ' ಎಂದು ಕೆತ್ತಿಸಿದ್ದೇವೆ, ಅವಳ ಸಹಿಯ ಅಕ್ಷರದಲ್ಲೇ.

ಮೆಹರೀನ್ ಮೇಡಂ ಬಂದಿದ್ದರು. ಓಣಿಯಲ್ಲಿ ಇನ್ನೂ ನಾಲ್ಕು ಮನೆಯ ಸಾಲ ಅವರ ಮೇಜಿನ ಮೇಲಿದೆಯಂತೆ. ಮರೆಪ್ಪ ಕಾಕಾನದು ಹೋದ ವಾರವೇ ಮಂಜೂರಾಗಿದೆ. "ಸರ್, ಒಂದು ಹೇಳ್ತೀನಿ," ಎಂದರು, "ಅವತ್ತು ನೀವು ಎರಡನೇ ಟೋಕನ್ ಒತ್ತಿದಾಗ ನಾ ನೋಡೀನಿ."

ನಾನು ಒಂದು ಸಣ್ಣ ಭಾಷಣ ಮಾಡಿದೆ. ದಾಖಲೆಗಾಗಿ ಅದರ ಮುಖ್ಯ ವಾಕ್ಯ ಇಲ್ಲಿದೆ: "ದಾರಿ ತಪ್ಪಿದವರಿಗೆ ದಾರಿ ತೋರಿಸುವವರು ಬಹಳ. ನಾನು ಎಣಿಕೆ ತಪ್ಪಿದ ಓಣಿಗೆ ಎಣಿಕೆ ಕಲಿಸಿದವನು. ಇನ್ನು ಈ ಓಣಿಯಲ್ಲಿ ಯಾರೂ, ಕಣ್ಣು ಕಟ್ಟಿ ಬಿಟ್ಟರೂ, ತಮ್ಮ ಮನೆ ತಪ್ಪುವುದಿಲ್ಲ." ಚಪ್ಪಾಳೆ ಬಿತ್ತು. ಶಾರದಾಬಾಯಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಊಟಕ್ಕೆ ಹುಗ್ಗಿ. ಬಡಿಸುವವರು ಬಾವಿಯ ಕಡೆಯಿಂದ ಹೊರಟರು. ಮನೆಯ ಯಜಮಾನನೆಂದು ನಾನೂ ಪಂಕ್ತಿಯಲ್ಲಿ ಕೂತೆ, ಈಗ ನಮ್ಮದಾಗಿರುವ ಎಂಟನೆಯ ಜಾಗದಲ್ಲಿ. ಕೊಪ್ಪರಿಗೆ ನನ್ನ ಹತ್ತಿರ ಬಂದಾಗ ಸೌಟು ತಳಕ್ಕೆ ಗರಗರ ಎಂದಿತು. ನಾನು ಅವ್ವನ ಮುಖ ನೋಡಿದೆ.

"ಎಣಿಕಿ ಅಂದ್ರ ಎಣಿಕಿ" ಎಂದಳು.

ಇಲ್ಲಿಗೆ ನಿಲ್ಲಿಸಿ, ವಿಜಯ ಎಂದು ಬರೆದು ಗೆರೆ ಎಳೆಯಬಹುದಿತ್ತು. ಆದರೆ ಮೊದಲ ಪುಟದಲ್ಲಿ ಟೋಕನ್ ಕದ್ದದ್ದನ್ನೇ ಬರೆದವನು ಕೊನೆಯ ಪುಟದಲ್ಲಿ ಇದನ್ನು ಹೇಗೆ ಮುಚ್ಚಿಡಲಿ?

ಮಧ್ಯಾಹ್ನ ನೆಂಟರನ್ನು ಬಸ್ಸು ಹತ್ತಿಸಿ ತಿರುಗಿ ಬಂದೆ. ಬಿಸಿಲು, ಅರೆಹೊಟ್ಟೆ, ಭಾಷಣದ ದಣಿವು. ಮನಸ್ಸಿನಲ್ಲಿ ಮಾತ್ರ ಚಪ್ಪಾಳೆ ಇನ್ನೂ ಬೀಳುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಹೊರಸಿನ ಮೇಲೆ ಉದ್ದಕ್ಕೆ ಬಿದ್ದು, ಕಣ್ಣು ಮುಚ್ಚಿ ಕೂಗಿದೆ: "ಯವ್ವಾ, ಒಂದು ಕಪ್ ಚಾ ಮಾಡು."

"ಸಕ್ರಿ ಎಷ್ಟು ಹಾಕ್ಲಿ, ಸಾಹೇಬ್ರ?"

ಗಂಡಸಿನ ದನಿ. ಕಣ್ಣು ತೆರೆದೆ. ತಲೆಯ ಮೇಲೆ ತಗಡು, ಕಿಟಕಿಯಲ್ಲಿ ಬೇವಿನ ಮರ, ಪಕ್ಕದಲ್ಲಿ ಮರೆಪ್ಪ ಕಾಕಾ. ಕಾಲುಗಳು ರಸ್ತೆಯಿಂದ ಬಂದು, ನಮ್ಮ ಹೊಸ ಮನೆಯನ್ನು ದಾಟಿ, ಬಾವಿಯ ತನಕ ಹೋಗಿ, ಅಲ್ಲಿಂದ ತಿರುಗಿ ಮೂರು ಎಣಿಸಿದ್ದವು. ಬಾಗಿಲಲ್ಲಿ ಆಡು ನಿಂತು ನನ್ನನ್ನೇ ನೋಡುತ್ತಿತ್ತು. ಅದು ಶ್ರಾವಣದಿಂದ ತನ್ನ ಮನೆಗೇ ಬರುತ್ತಿದೆ.

ಶಾರದಾಬಾಯಿ ನಗುತ್ತ ಬಟ್ಟಲು ತಂದಿಟ್ಟಳು. ತುಂಬ ಹುಗ್ಗಿ. "ಉಣ್ಣಪ್ಪ. ಬಾವಿಯಿಂದ ಮೂರನೇ ಮನ್ಯಾಗ ಹುಗ್ಗಿ ಖಾಲಿ ಆಗಂಗಿಲ್ಲ."

ಉಂಡೆ. ಬೆಲ್ಲ ಸರಿಯಾಗಿತ್ತು. ಆಮೇಲೆ ಯಾರೂ ನೋಡಬಾರದೆಂದು ಹಿತ್ತಲಿನಿಂದ ಓಡಿ ಬಂದೆ. ಓಣಿಗೆ ಹೇಳುವುದಿಲ್ಲ ಎಂದು ಇಬ್ಬರೂ ಮಾತು ಕೊಟ್ಟಿದ್ದಾರೆ. ಪಂಚಶೀಲಾಗೂ ಗೊತ್ತಿಲ್ಲ.

ಆದರೆ ಈಗ ಬರೆಯಲು ಕೂತಾಗ ಕಾಲು ನೋಡಿಕೊಂಡೆ. ಭಾಷಣಕ್ಕೆಂದು ತಂದ ಹೊಸ ಕೊಲ್ಹಾಪುರಿ ಚಪ್ಪಲಿ ಇನ್ನೂ ಮರೆಪ್ಪ ಕಾಕಾನ ಹೊಸ್ತಿಲಲ್ಲೇ ಇವೆ, ಪಕ್ಕದ ಗೂಟದ ಮೇಲೆ ನನ್ನ ಅಂಗಿಯೂ ಇದೆ, ಮತ್ತು ಇಡೀ ಓಣಿ ಸಂಜೆಯ ನೀರಿಗೆ ಬಾವಿಯ ಕಡೆ ಹೊರಟಿದೆ.